ಹೆಬ್ಬೆರಳಿನ ವಿದ್ಯಾಭ್ಯಾಸ

ದ್ರೋಣಾಚಾರ್ಯರು ಏಕಲವ್ಯನಿಂದ ಗುರುದಕ್ಷಿಣೆಯಾಗಿ ಬೇಡಿದ್ದು ಬಲಗೈಯ ಹೆಬ್ಬೆರಳೊಂದನ್ನು ಮಾತ್ರ. ಉಳಿದ ನಾಲ್ಕು ಬೆರಳುಗಳನ್ನು ಅವನಲ್ಲಿಯೇ ಬಿಟ್ಟರೂ ಅವನ ಬಿಲ್ವಿದ್ಯೆ ಮೊದಲಿನಂತೆ ಉಳಿಯದೆಂಬುದು ಆ ಆಚಾರ್ಯರಿಗೆ ಚೆನ್ನಾಗಿ ತಿಳಿದಿತ್ತು. ಕೈಗೆಲಸದಲ್ಲಿ ಹೆಬ್ಬೆರಳಿಗೆ ಎಷ್ಟು ಬೆಲೆಯುಂಟೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಒಂದು ವಿಚಿತ್ರ ಕಾಣಸಿಗುತ್ತದೆ. ಸುಮಾರು ಮುನ್ನೂರು ವರ್ಷಗಳ ಹಿಂದಿನವರೆಗೆ ಯೂರೋಪಿನ ಕೀಲಿಮಣೆ ವಾದ್ಯಗಳ ವಿದ್ವಾಂಸರಲ್ಲಿ ಬಹುಮಂದಿ, ಯಾವ ಗುರುವೂ ಕೇಳದಿದ್ದರೂ ಹೆಬ್ಬೆರಳನ್ನು ದಕ್ಷಿಣೆಯಾಗಿ ಒಪ್ಪಿಸಿ ಬಂದವರಂತೆ ನುಡಿಸುತ್ತಿದ್ದರು! ನಾಲ್ಕು ಬೆರಳುಗಳು ಕೀಲಿಗಳ ಮೇಲೆ ನಲಿಯುತ್ತಿದ್ದರೆ, ಹೆಬ್ಬೆರಳು ಅಂಚಿನಾಚೆ ಸುಮ್ಮನೆ ತೂಗಾಡಿಕೊಂಡಿರುತ್ತಿತ್ತು. ಅದನ್ನು ಒಳಗೆ ಕರೆತಂದು ಕೂರಿಸಿದ ಬಳಿಕವೇ ಇಂದಿನ ಪಿಯಾನೋ ವಾದನ ಹುಟ್ಟಿತು. ಹಾಗೆ ಕೂರಿಸುವ ವಿದ್ಯೆ ಮಾತ್ರ ಇಂದಿಗೂ ಕಲಿಯುವವರಿಗೆ ಸುಲಭವಾಗಿ ಒಲಿಯುತ್ತಿಲ್ಲ.

ಇಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಪಿಯಾನೋ ಅಥವಾ ವಿದ್ಯುತ್ ಕೀಬೋರ್ಡು ತನ್ನ ಸ್ಥಾನವನ್ನು ಪಡೆದುಕೊಂಡಿದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಿಗೆ ಇಲ್ಲಿಯ ಮಕ್ಕಳು ಕಟ್ಟುತ್ತಾರೆ. ಸಂಜೆ ಅಡಿಗೆಮನೆಯಲ್ಲಿರುವ ತಾಯಿಗೆ ನಡುಮನೆಯಿಂದ ಸ್ವರಶ್ರೇಣಿಯ ಅಭ್ಯಾಸ ಕೇಳಿಸುತ್ತದೆ. ಮೊದಲ ಮೂರು ಸ್ವರಗಳು ಸರಾಗವಾಗಿ ಹರಿಯುತ್ತವೆ. ನಾಲ್ಕನೆಯದಕ್ಕೆ ಬರುವಾಗ ಎಲ್ಲಿಯೋ ಎಡವಿದಂತಾಗುತ್ತದೆ. ಕ್ಷಣಕಾಲ ತಡೆ, ಅನಂತರ ಧೊಪ್ಪೆಂದು ಒಂದು ಪೆಟ್ಟು. ಮತ್ತೆ ಮೂರು ನಾಲ್ಕು ಸ್ವರಗಳ ಓಟ, ಮತ್ತೆ ಅದೇ ಎಡವು. ಸಂಗೀತದ ಗಂಧವಿಲ್ಲದವರಿಗೂ ಇದು ಕಿವಿಗೆ ಬೀಳುತ್ತದೆ. ಮಗುವಿಗೆ ಲಕ್ಷ್ಯ ಸಾಲದೆಂದು ತಂದೆ ಗದರಿಸಬಹುದು. ಲಕ್ಷ್ಯಕ್ಕೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಅಲ್ಲಿ ಎಡವುತ್ತಿರುವುದು ಹೆಬ್ಬೆರಳು.

ಪಾಶ್ಚಾತ್ಯರ ‘ಸಿ ಮೇಜರ್’ ಎಂಬ ಶ್ರೇಣಿಯು ಕರ್ನಾಟಕ ಸಂಗೀತದ ಶಂಕರಾಭರಣದ ಸ್ವರಸ್ಥಾನಗಳಿಗೆ ಹೊಂದುತ್ತದೆ. ಅದನ್ನು ಬಲಗೈಯಿಂದ ಮೇಲಕ್ಕೆ ನುಡಿಸುವಾಗ ಷಡ್ಜಕ್ಕೆ ಹೆಬ್ಬೆರಳು, ರಿಷಭಕ್ಕೆ ತೋರುಬೆರಳು, ಗಾಂಧಾರಕ್ಕೆ ನಡುಬೆರಳು. ಇರುವ ಬೆರಳುಗಳು ಐದು, ತಾರಷಡ್ಜದವರೆಗೆ ಸ್ವರಗಳು ಎಂಟು. ಆದಕಾರಣ ನಡುವೆ ಎಲ್ಲಿಯಾದರೂ ಕೈ ಮುಂದಕ್ಕೆ ಸರಿಯಲೇಬೇಕು. ನಡುಬೆರಳು ಗಾಂಧಾರದ ಮೇಲೆ ನಿಂತಿರುವಂತೆಯೇ ಹೆಬ್ಬೆರಳು ಅಂಗೈಯ ಅಡಿಯಿಂದ ನುಸುಳಿ ಮಧ್ಯಮವನ್ನು ಹಿಡಿಯುತ್ತದೆ. ಆ ಬಳಿಕ ಪಂಚಮ, ಧೈವತ, ನಿಷಾದ, ತಾರಷಡ್ಜಗಳಿಗೆ ಉಳಿದ ನಾಲ್ಕು ಬೆರಳುಗಳು ಸಾಲಾಗಿ ಒದಗುತ್ತವೆ. ಶ್ರೇಣಿ ಇನ್ನೂ ಮೇಲಕ್ಕೆ ಮುಂದುವರಿಯುವುದಾದರೆ ತಾರಷಡ್ಜದಲ್ಲಿ ಹೆಬ್ಬೆರಳು ಮತ್ತೊಮ್ಮೆ ನುಸುಳುತ್ತದೆ. ನಾಲ್ಕು ಸ್ಥಾಯಿಗಳ ಶ್ರೇಣಿಯೊಂದನ್ನು ಏರುವಷ್ಟರಲ್ಲಿ ಅದು ಏಳು ಸಲ ಹೀಗೆ ದಾಟಬೇಕಾಗುತ್ತದೆ. ಸೆಕೆಂಡಿಗೆ ಎಂಟು ಸ್ವರಗಳ ವೇಗದಲ್ಲಿ ನುಡಿಸುವವನಿಗೆ ಒಂದು ದಾಟಿನಿಂದ ಇನ್ನೊಂದಕ್ಕೆ ದೊರೆಯುವ ಅವಕಾಶ ಅರ್ಧ ಸೆಕೆಂಡನ್ನು ಮೀರುವುದಿಲ್ಲ. ಶ್ರೇಣಿ ಮುತ್ತಿನ ಸರದಂತೆ ಕೇಳಬೇಕಾದರೆ ಹೆಬ್ಬೆರಳು ದಾಟಿದ್ದು ಕೇಳುವವರಿಗೆ ತಿಳಿಯಲೇಕೂಡದು.

ಹಿಂದಿನವರು ಈ ತೊಡಕನ್ನೇ ತಪ್ಪಿಸಿಕೊಂಡಿದ್ದರು. ದೇಶದಿಂದ ದೇಶಕ್ಕೆ ವ್ಯತ್ಯಾಸವಿದ್ದರೂ, ಉದ್ದನೆಯ ಬೆರಳುಗಳನ್ನು ಒಂದರ ಮೇಲೊಂದು ದಾಟಿಸುತ್ತ ಸಾಗುವುದು ಅಂದಿನ ಸಾಮಾನ್ಯ ರೂಢಿ. ಜರ್ಮನಿಯ ಮಹಾ ವಾಗ್ಗೇಯಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ 1720ರಲ್ಲಿ, ಒಂಬತ್ತು ವರ್ಷದ ತನ್ನ ಹಿರಿಯ ಮಗನಿಗಾಗಿ ಒಂದು ಪಾಠದ ಪುಸ್ತಕವನ್ನು ಬರೆಯತೊಡಗಿದ. ಅದರ ಆರಂಭದ ಅಭ್ಯಾಸವೊಂದರಲ್ಲಿ ಬಲಗೈಯ ಶ್ರೇಣಿಗೆ ನಡುಬೆರಳು, ಉಂಗುರಬೆರಳು, ಮತ್ತೆ ನಡುಬೆರಳು, ಉಂಗುರಬೆರಳು ಎಂದೇ ಗುರುತು ಹಾಕಿದ್ದಾನೆ. ಇದು ಹಳೆಯ ಪದ್ಧತಿ. ಅದೇ ಬಾಖ್ 1722ರಲ್ಲಿ ಇಪ್ಪತ್ತನಾಲ್ಕು ಶ್ರುತಿಶ್ರೇಣಿಗಳಲ್ಲಿಯೂ ಒಂದೊಂದು ಜೋಡಿ ಕೃತಿಯಿರುವ ಮಹಾಗ್ರಂಥವನ್ನು ರಚಿಸಿ ಮುಗಿಸಿದ. ಕರಿಯ ಕೀಲಿಗಳು ಹೆಚ್ಚಾಗಿ ಬರುವ ಇಂತಹ ಶ್ರೇಣಿಗಳಲ್ಲಿ ನಾಲ್ಕು ಬೆರಳುಗಳ ಹಳೆಯ ನಡಿಗೆ ಸಾಲದಾಯಿತು.

ಬಾಖನ ಇನ್ನೊಬ್ಬ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ 1753ರಲ್ಲಿ ಕೀಲಿಮಣೆ ವಾದನದ ಸರಿಯಾದ ಮಾರ್ಗವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ದೊಡ್ಡ ಅಂತರಗಳನ್ನು ಹಿಡಿಯಬೇಕಾದಾಗಲಲ್ಲದೆ ಹೆಬ್ಬೆರಳನ್ನು ಬಳಸದಿದ್ದ ದೊಡ್ಡ ವಿದ್ವಾಂಸರನ್ನು ತನ್ನ ತಂದೆ ಎಳೆಯ ವಯಸ್ಸಿನಲ್ಲಿ ಕೇಳಿದ್ದನೆಂದು ಅವನು ಅದರಲ್ಲಿ ಹೇಳುತ್ತಾನೆ. ತನ್ನ ತಂದೆ ಹೆಬ್ಬೆರಳಿಗೆ ಕೆಲಸ ಕೊಟ್ಟನೆಂದೂ, ಅಂದಿನಿಂದ ಅದು ಬೆರಳುಗಳಲ್ಲಿ ಪ್ರಧಾನವಾಯಿತೆಂದೂ ವಿವರಿಸುತ್ತಾನೆ. ಆ ಪುಸ್ತಕಕ್ಕೆ ಶಿಷ್ಯಪರಂಪರೆಯೇ ಬೆಳೆಯಿತು. ವಿಯೆನ್ನಾದಲ್ಲಿ 1801ರ ಸುಮಾರಿಗೆ ಬೀಥೋವನ್ನನ ಬಳಿಗೆ ಪಾಠಕ್ಕೆಂದು ಒಬ್ಬ ಪುಟ್ಟ ಹುಡುಗ ಬಂದ. ಬೀಥೋವನ್ ಅವನ ಕೈಗೆ ಇದೇ ಗ್ರಂಥವನ್ನು ತರಿಸಿಕೊಟ್ಟ. ಮೊದಲ ಪಾಠಗಳೆಲ್ಲ ಬರಿಯ ಶ್ರೇಣಿಗಳೇ. ಕೈಯನ್ನಿಡುವ ಕ್ರಮವನ್ನೂ, ಅದರಲ್ಲಿಯೂ ಹೆಬ್ಬೆರಳಿನ ಬಳಕೆಯನ್ನೂ ಬೀಥೋವನ್ ತೋರಿಸಿಕೊಟ್ಟನೆಂದೂ, ಅದರ ಪೂರ್ಣ ಪ್ರಯೋಜನ ತನಗೆ ಬಹುಕಾಲದ ಮೇಲೆ ತಿಳಿಯಿತೆಂದೂ ಆ ಹುಡುಗ ಮುಂದೆ ತನ್ನ ಸ್ಮರಣೆಗಳಲ್ಲಿ ಬರೆದ. ಅವನೇ ಕಾರ್ಲ್ ಚೆರ್ನಿ. ಇಂದು ಜಗತ್ತಿನ ಪಿಯಾನೋ ಕಲಿಯುವ ಮಕ್ಕಳೆಲ್ಲ ಅವನ ಅಭ್ಯಾಸಪಾಠಗಳಿಗೆ ಹೆದರುತ್ತಾರೆ.

ಹೀಗೆ ಹೆಬ್ಬೆರಳಿಗೆ ಸ್ಥಾನವೇನೋ ದೊರೆಯಿತು; ಆದರೆ ಹೊಸ ಸಂಕಟವೊಂದು ಅದರ ಬೆನ್ನಿಗೇ ಬಂದಿತು. ಫ್ಲಾರೆನ್ಸ್ ನಗರದಲ್ಲಿ 1700ರ ಸುಮಾರಿಗೆ ಕ್ರಿಸ್ಟೊಫೊರಿ ನಿರ್ಮಿಸಿದ ಮೊದಲ ಪಿಯಾನೋಗಳು ಹಗುರವಾದ ವಾದ್ಯಗಳಾಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಕಬ್ಬಿಣದ ಚೌಕಟ್ಟು ಸೇರಿತು, ತಂತಿಗಳು ದಪ್ಪನಾದವು, ಸಭಾಂಗಣಗಳು ದೊಡ್ಡವಾದವು. ವಾದ್ಯ ಬಲವಾದಂತೆ ಬೆರಳುಗಳಿಗೂ ಬಲ ಬರಬೇಕೆಂದು, ಐದಕ್ಕೂ ಒಂದೇ ಸಮನಾದ ಬಲ ಬರಬೇಕೆಂದು ಶಿಕ್ಷಕರು ಹಟ ಹಿಡಿದರು. ಯೊಹಾನ್ ಬರ್ನ್‌ಹಾರ್ಡ್ ಲೋಜಿಯರ್ ಎಂಬ ಶಿಕ್ಷಕ 1814ರಲ್ಲಿ ‘ಕೈರೋಪ್ಲಾಸ್ಟ್’ ಎಂಬ ಉಪಕರಣಕ್ಕೆ ಪೇಟೆಂಟು ಪಡೆದ. ಕೀಲಿಮಣೆಯ ಮುಂದೆ ಕೂರಿಸುವ ಮರದ ಚೌಕಟ್ಟು ಅದು. ಮಣಿಕಟ್ಟನ್ನು ಎರಡು ಪಟ್ಟಿಗಳ ನಡುವೆ ತೂರಿಸಿ, ಐದು ಬೆರಳುಗಳನ್ನು ಐದು ಸಂದುಗಳಲ್ಲಿ ಇಳಿಬಿಡಬೇಕು. ಕೈ ಅಲುಗಾಡದಂತೆ ಬೆರಳು ಮಾತ್ರ ಆಡಬೇಕೆಂಬುದು ಅದರ ಉದ್ದೇಶ. ಲಂಡನ್ನಿನಲ್ಲಿ ಅದು ಭರ್ಜರಿಯಾಗಿ ಮಾರಾಟವಾಯಿತು.

ಅದರ ಹಿಂದಿನ ಮನೋಭಾವವೆಲ್ಲ ಒಳ್ಳೆಯದನ್ನೇ ಮಾಡಲಿಲ್ಲ. ಜರ್ಮನಿಯ ರಾಬರ್ಟ್ ಶೂಮನ್ ಪಿಯಾನೋ ವಾದಕನಾಗಬೇಕೆಂದು ಕಾಯಿದೆಯ ವ್ಯಾಸಂಗವನ್ನೇ ಬಿಟ್ಟು ಬಂದವನು. ಇಪ್ಪತ್ತರ ಆಸುಪಾಸಿನಲ್ಲಿ ಅವನ ಬಲಗೈಯ ನಡುಬೆರಳು ಹಿಡಿತ ತಪ್ಪಿತು. ಬೆರಳನ್ನು ಪಳಗಿಸಲು ಅವನು 1832ರಲ್ಲಿ ಒಂದು ಯಂತ್ರವನ್ನೂ ಬಳಸುತ್ತಿದ್ದನೆಂದು ಅವನ ದಿನಚರಿ ತಿಳಿಸುತ್ತದೆ. ಆ ಯಂತ್ರವೇ ಕಾರಣವೋ, ಮಿತಿಮೀರಿದ ಅಭ್ಯಾಸವೋ, ಬೇರೆ ರೋಗವೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ವಾದಕನಾಗುವ ಅವನ ಕನಸು ಮಾತ್ರ ಅಲ್ಲಿಗೇ ಮುಗಿಯಿತು. ಅವನೊಳಗಿನ ಕೃತಿಕಾರ ಉಳಿದನೆಂಬುದು ಜಗತ್ತಿನ ಭಾಗ್ಯ. ರಷ್ಯದ ಸ್ಕ್ರಿಯಾಬಿನ್ನನೂ ವಿದ್ಯಾರ್ಥಿದೆಸೆಯಲ್ಲಿ ಕಠಿನ ಕೃತಿಗಳನ್ನು ಹಟದಿಂದ ತಿದ್ದುತ್ತ ಬಲಗೈಯನ್ನು ಕೆಡಿಸಿಕೊಂಡು, 1894ರಲ್ಲಿ ಎಡಗೈಯೊಂದಕ್ಕೇ ಎರಡು ಕೃತಿಗಳನ್ನು ಬರೆದ.

‘ಐದು ಬೆರಳೂ ಒಂದೇ ಸಮ ಇರುವುದಿಲ್ಲ’ ಎಂಬುದು ಕನ್ನಡಿಗರ ಮನೆಮನೆಯ ಗಾದೆ. ಈ ಮಾತನ್ನು ಕೇಳದೆಯೂ ಅದನ್ನು ಪಿಯಾನೋ ವಾದನದ ಮೂಲಸೂತ್ರವನ್ನಾಗಿ ಮಾಡಿಕೊಂಡವನು ಪೋಲೆಂಡಿನ ಫ್ರೆಡರಿಕ್ ಶೋಪಾನ್. ಅವನು 1831ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಅಲ್ಲಿ ಕಾಲ್ಕ್‌ಬ್ರೆನ್ನರ್ ಎಂಬ ವಾದಕನದು ದೊಡ್ಡ ಹೆಸರು; ಲೋಜಿಯರನ ಉಪಕರಣವನ್ನು ಮೆಚ್ಚಿ ಎತ್ತಿಹಿಡಿದವರಲ್ಲಿ ಅವನೂ ಒಬ್ಬ. ತನ್ನ ಬಳಿ ಮೂರು ವರ್ಷ ಕಲಿಯಬೇಕೆಂದು ಅವನು ಇಪ್ಪತ್ತೊಂದರ ಶೋಪಾನ್‌ನಿಗೆ ಸಲಹೆ ಕೊಟ್ಟ. ಶೋಪಾನ್ ವಿನಯದಿಂದಲೇ ಅದನ್ನು ಬಿಟ್ಟುಕೊಟ್ಟ. ಮುಂದೆ ತಾನೇ ಶಿಕ್ಷಕನಾಗಿ, ಬೋಧನಕ್ರಮವನ್ನು ಕುರಿತು ಬರೆಯತೊಡಗಿ ಅರ್ಧಕ್ಕೇ ನಿಲ್ಲಿಸಿದ ಟಿಪ್ಪಣಿಗಳಲ್ಲಿ, ಬೆರಳುಗಳಿಗೆಲ್ಲ ಸಮಬಲ ತರಲು ಹೊರಡುವುದು ಪ್ರಕೃತಿಗೆ ವಿರುದ್ಧವಾದ ಕೆಲಸವೆಂಬ ಅಭಿಪ್ರಾಯವನ್ನು ಅವನು ದಾಖಲಿಸಿದ್ದಾನೆ. ಒಂದೊಂದು ಬೆರಳಿನ ರಚನೆಯೂ ಬೇರೆ. ಆ ಬೇರೆತನದಿಂದ ಹುಟ್ಟುವ ನಾದವನ್ನೇ ಬಳಸಿಕೊಳ್ಳಬೇಕೆಂಬುದು ಅವನ ಮತ.

ಹೆಬ್ಬೆರಳು ಯಾವ ಬಗೆಯಲ್ಲಿ ಬೇರೆ? ಉಳಿದ ಬೆರಳುಗಳಿಗೆ ಮೂರು ಮೂರು ಎಲುಬುಗಳಿದ್ದರೆ ಹೆಬ್ಬೆರಳಿಗೆ ಎರಡೇ. ಆದರೆ ಅದರ ಬುಡ ಕಣ್ಣಿಗೆ ಕಾಣುವಲ್ಲಿ ಮುಗಿಯುವುದಿಲ್ಲ. ಅಂಗೈಯ ದಪ್ಪ ದಿಂಡಿನೊಳಗೆ ಅಡಗಿರುವ ಎಲುಬೊಂದು ಮಣಿಕಟ್ಟಿನವರೆಗೂ ಸಾಗಿ, ಅಲ್ಲಿ ಒಂದು ವಿಶಿಷ್ಟವಾದ ಕೀಲಿನಲ್ಲಿ ಕುಳಿತಿರುತ್ತದೆ. ಕುದುರೆಯ ಜೀನಿನ ಮೇಲೆ ಸವಾರನು ಹಿಂದಕ್ಕೂ ಮುಂದಕ್ಕೂ ಪಕ್ಕಕ್ಕೂ ವಾಲಬಲ್ಲನಷ್ಟೆ? ಆ ಕೀಲಿನ ಆಕಾರವೂ ಜೀನಿನಂತೆಯೇ ಇದೆ. ಹೆಬ್ಬೆರಳು ಎಲ್ಲ ದಿಕ್ಕಿಗೂ ತಿರುಗುವುದು ಅದರ ಕೃಪೆಯಿಂದ. ಉಳಿದ ನಾಲ್ಕು ಬೆರಳುಗಳು ಗೆಣ್ಣಿನಿಂದ ಮಡಿಸಿ ಕೀಲಿಯನ್ನು ಕೆಳಗೊತ್ತುತ್ತವೆ. ಹೆಬ್ಬೆರಳು ಉಗುರಿನ ಪಕ್ಕದ ಅಂಚಿನಿಂದ, ಬುಡದಿಂದಲೇ ಇಡಿಯಾಗಿ ಇಳಿದು ಒತ್ತಬೇಕು. ಇದನ್ನರಿಯದ ಮಗು ಹೆಬ್ಬೆರಳ ತುದಿಯನ್ನು ಮಾತ್ರ ಕೊಕ್ಕೆಯಂತೆ ಮಡಿಸಿ ತಳ್ಳುತ್ತದೆ. ಅದು ಸಾಲದಾದಾಗ ಮುಂಗೈಯನ್ನೇ ಕೆಳಕ್ಕೆ ಅಪ್ಪಳಿಸುತ್ತದೆ. ಅಡಿಗೆಮನೆಗೆ ಕೇಳಿಸುವ ಪೆಟ್ಟು ಇದೇ.

ಈ ಬುಡವನ್ನು ಮಗುವಿಗೆ ಪರಿಚಯ ಮಾಡಿಸುವುದೇ ಮೊದಲ ಪಾಠವಾಗಬೇಕು. ಅದಕ್ಕೆ ವಾದ್ಯವೂ ಬೇಕಿಲ್ಲ. ಬಲಗೈಯನ್ನು ಮೇಜಿನ ಮೇಲೆ ಸಡಿಲವಾಗಿ ಇರಿಸಿ, ಎಡಗೈಯ ಬೆರಳಿನಿಂದ ಬಲಹೆಬ್ಬೆರಳಿನ ಬುಡವನ್ನು ಮಣಿಕಟ್ಟಿನವರೆಗೆ ತಡವಿ ನೋಡಬೇಕು. ಹೆಬ್ಬೆರಳನ್ನು ಮೆಲ್ಲನೆ ಮೇಲೆತ್ತಿ ಇಳಿಸಿದರೆ ಚಲನೆ ಎಲ್ಲಿಂದ ಹೊರಡುತ್ತದೆಂಬುದು ಕೈಗೆ ತಿಳಿಯುತ್ತದೆ. ಅನಂತರ ಹೆಬ್ಬೆರಳನ್ನು ಅಂಗೈಯ ಅಡಿಯಲ್ಲಿ ಕಿರುಬೆರಳಿನ ದಿಕ್ಕಿಗೆ ಸರಿಸಬೇಕು. ದಿಂಡಿನ ಮಾಂಸಖಂಡ ಕಲ್ಲಿನಂತೆ ಗಟ್ಟಿಯಾದರೆ ಬಲ ಹೆಚ್ಚಾಯಿತೆಂದು ಅರ್ಥ. ಕೈಬಿಟ್ಟು, ಇನ್ನೂ ಹಗುರವಾಗಿ ಮತ್ತೆ ಸರಿಸಬೇಕು. ದಿನಕ್ಕೆ ಎರಡು ಮೂರು ನಿಮಿಷ ಸಾಕು. ಮೃದುತ್ವ ಬರುವುದು ಎಳೆದಾಟದಿಂದಲ್ಲವೆಂಬುದನ್ನು ಮಗು ಇಲ್ಲಿಯೇ ಕಲಿಯುತ್ತದೆ.

ವಾದ್ಯದ ಮುಂದೆ ಕುಳಿತಾಗ ಆಸನದ ಎತ್ತರವನ್ನು ಮೊದಲು ನೋಡಬೇಕು. ಮೊಣಕೈ ಕೀಲಿಮಣೆಯ ಮಟ್ಟಕ್ಕೆ ಸರಿಸುಮಾರು ಬರುವಂತಿದ್ದರೆ ಮಣಿಕಟ್ಟು ಕುಸಿಯುವುದಿಲ್ಲ. ಮಣಿಕಟ್ಟು ಕುಸಿದ ಕೈಯಲ್ಲಿ ಹೆಬ್ಬೆರಳಿಗೆ ನುಸುಳಲು ದಾರಿಯೇ ಇರುವುದಿಲ್ಲ. ಸೇತುವೆ ತಗ್ಗಿದರೆ ದೋಣಿ ಹೇಗೆ ಹೋದೀತು? ಈಗ ನಡುಬೆರಳನ್ನು ಗಾಂಧಾರದ ಮೇಲೆ ಒತ್ತದೆ ನಿಲ್ಲಿಸಿ, ಹೆಬ್ಬೆರಳು ಒಮ್ಮೆ ಷಡ್ಜವನ್ನೂ ಒಮ್ಮೆ ಮಧ್ಯಮವನ್ನೂ ಮುಟ್ಟಿ ಬರಲಿ. ಷಡ್ಜ, ಮಧ್ಯಮ, ಷಡ್ಜ, ಮಧ್ಯಮ. ಗಡಿಯಾರದ ಲೋಲಕದಂತೆ ಮಂದಗತಿಯಲ್ಲಿ, ಮೆಲುದನಿಯಲ್ಲಿ. ಮೊಣಕೈ ಕೋಳಿಯ ರೆಕ್ಕೆಯಂತೆ ಹೊರಕ್ಕೆ ಎದ್ದರೆ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಇದೇ ಅಭ್ಯಾಸ ಎಡಗೈಗೆ ಕನ್ನಡಿಯ ಬಿಂಬದಂತೆ ಕೆಳಮುಖವಾಗಿ ನಡೆಯಬೇಕು.

ಶ್ರೇಣಿಯನ್ನು ನುಡಿಸುವಾಗ ನೆನಪಿನಲ್ಲಿಡಬೇಕಾದ ಗುಟ್ಟು ಒಂದಿದೆ. ಮಧ್ಯಮದ ಸರದಿ ಬರುವವರೆಗೂ ಹೆಬ್ಬೆರಳು ಷಡ್ಜದ ಬಳಿಯೇ ಕಾದಿದ್ದು, ಕೊನೆಯ ಕ್ಷಣದಲ್ಲಿ ಓಡಿಬಂದರೆ ಎಡವುವುದು ಖಂಡಿತ. ತೋರುಬೆರಳು ರಿಷಭವನ್ನು ನುಡಿಸುತ್ತಿರುವಾಗಲೇ ಹೆಬ್ಬೆರಳು ತನ್ನ ಪ್ರಯಾಣವನ್ನು ತೊಡಗಿರಬೇಕು. ಗಾಂಧಾರ ನುಡಿಯುವಷ್ಟರಲ್ಲಿ ಮಧ್ಯಮದ ಹೊಸ್ತಿಲಲ್ಲಿ ನಿಂತಿರಬೇಕು. ರೈಲು ಬರುವ ಮೊದಲೇ ನಿಲ್ದಾಣ ಸೇರಿದ ಪ್ರಯಾಣಿಕನಿಗೆ ಹತ್ತುವಾಗ ನೂಕುನುಗ್ಗಲಿಲ್ಲ. ಜೊತೆಗೆ ತೋಳೂ ನಿಶ್ಚಲವಾಗಿರದೆ ಸ್ವರದಿಂದ ಸ್ವರಕ್ಕೆ ತುಸುತುಸುವೇ ಪಕ್ಕಕ್ಕೆ ಸಾಗುತ್ತಿರಬೇಕು. ವೇಗ ಹೆಚ್ಚಿದಂತೆ ಹೆಬ್ಬೆರಳು ಅಡಿಯಿಂದ ನುಸುಳುವುದು ಕಡಿಮೆಯಾಗಿ, ಕೈಯೇ ಇಡಿಯಾಗಿ ಹೊಸ ಸ್ಥಾನಕ್ಕೆ ಜಾರುತ್ತದೆ. ಹೆಬ್ಬೆರಳನ್ನು ಹೊತ್ತೊಯ್ಯುವುದು ತೋಳಿನ ಕೆಲಸವೆಂಬುದು ತಿಳಿದವರಿಗೆ ಅದು ದಣಿಯುವುದಿಲ್ಲ. ಕೈಯನ್ನು ಮರದ ಚೌಕಟ್ಟಿಗೆ ಬಂಧಿಸಿದ ಲೋಜಿಯರನ ಉಪಕರಣಕ್ಕೆ ದಕ್ಕದೆ ಹೋದ ಸಂಗತಿ ಇದೇ.

ಯಾವ ಶ್ರೇಣಿಯಿಂದ ಆರಂಭಿಸಬೇಕು? ಓದಲು ಸುಲಭವೆಂದು ಬಿಳಿಯ ಕೀಲಿಗಳಷ್ಟೇ ಇರುವ ಸಿ ಮೇಜರನ್ನು ಎಲ್ಲರೂ ಮೊದಲು ಹಿಡಿಯುತ್ತಾರೆ. ಶೋಪಾನ್ ಅದನ್ನು ಕೊನೆಗೆ ಇಡುತ್ತಿದ್ದ. ಕಣ್ಣಿಗೆ ಸುಲಭವಾದದ್ದು ಕೈಗೆ ಎಲ್ಲಕ್ಕಿಂತ ಕಷ್ಟವೆಂದು ಅವನು ಕಂಡುಕೊಂಡಿದ್ದ. ಸಮತಟ್ಟಾದ ಬಿಳಿಯ ಹಾಸಿನ ಮೇಲೆ ಉದ್ದನೆಯ ಬೆರಳುಗಳಿಗೆ ಆಸರೆಯಿಲ್ಲ, ಹೆಬ್ಬೆರಳು ದಾಟಲು ಸಂದಿಲ್ಲ. ಶೋಪಾನ್ ಶಿಷ್ಯರಿಗೆ ಮೊದಲು ಕಲಿಸುತ್ತಿದ್ದುದು ಬಿ ಮೇಜರ್. ಅದರಲ್ಲಿ ಕರಿಯ ಕೀಲಿಗಳು ಐದು. ಅವು ಎತ್ತರದಲ್ಲಿರುವುದರಿಂದ ಉದ್ದನೆಯ ಬೆರಳುಗಳು ಅವುಗಳ ಮೇಲೆ ಹಾಯಾಗಿ ಒರಗುತ್ತವೆ. ಗಿಡ್ಡನೆಯ ಹೆಬ್ಬೆರಳಿಗೆ ಬಿ ಮತ್ತು ಇ ಎಂಬ ಎರಡು ಬಿಳಿಯ ಕೀಲಿಗಳು ಮಾತ್ರ ಉಳಿಯುತ್ತವೆ. ಕೈಯ ಕಮಾನು ತಾನಾಗಿಯೇ ಎದ್ದು, ಅದರಡಿಯಲ್ಲಿ ಹೆಬ್ಬೆರಳಿಗೆ ಹೆದ್ದಾರಿ ತೆರೆಯುತ್ತದೆ. ಸಿ ಮೇಜರಿನಲ್ಲಿ ತಿಂಗಳುಗಟ್ಟಲೆ ಎಡವುತ್ತಿರುವ ಮಗುವಿಗೆ, ಶಿಕ್ಷಕರ ಒಪ್ಪಿಗೆ ಪಡೆದು ಒಂದು ವಾರ ಬಿ ಮೇಜರನ್ನು ಕೊಟ್ಟು ನೋಡಬಹುದು.

ಕರಿಯ ಕೀಲಿಯನ್ನು ಹೆಬ್ಬೆರಳು ಮುಟ್ಟಬಾರದೆಂಬುದು ಹಳೆಯ ಪಾಠಪುಸ್ತಕಗಳ ಸಾಮಾನ್ಯ ನಿಯಮವಾಗಿತ್ತು. ಶ್ರೇಣಿಗಳಿಗೆ ಅದು ಸರಿಯಾದ ನಿಯಮವೇ. ಆದರೆ 1833ರಲ್ಲಿ ಪ್ರಕಟವಾದ ಶೋಪಾನ್‌ನ ಒಂದು ಅಭ್ಯಾಸಕೃತಿಯಲ್ಲಿ ಬಲಗೈಯು ಒಂದೇ ಒಂದು ಸ್ವರದ ಹೊರತು ಉಳಿದುದನ್ನೆಲ್ಲ ಕರಿಯ ಕೀಲಿಗಳ ಮೇಲೆಯೇ ನುಡಿಸಬೇಕು. ಅಲ್ಲಿ ಹೆಬ್ಬೆರಳಿಗೂ ವಿನಾಯಿತಿಯಿಲ್ಲ. ಬುಡದಿಂದ ಸಡಿಲವಾದ ಹೆಬ್ಬೆರಳು ಬಿಳಿದು ಕರಿದೆಂಬ ಭೇದವನ್ನು ಎಣಿಸುವುದಿಲ್ಲವೆಂಬುದನ್ನು ಆ ಎರಡು ನಿಮಿಷಗಳ ಕೃತಿ ತೋರಿಸಿಕೊಟ್ಟಿತು.

ಇನ್ನು ಕೈಯನ್ನು ಅಗಲಿಸುವ ಮಾತು. ಒಂದು ಸ್ಥಾಯಿಯ ಎಂಟು ಬಿಳಿಯ ಕೀಲಿಗಳನ್ನು ಹೆಬ್ಬೆರಳಿನಿಂದ ಕಿರುಬೆರಳಿಗೆ ಒಮ್ಮೆಗೇ ಹಿಡಿಯಬೇಕಾದ ಸ್ಥಳಗಳು ಪಿಯಾನೋ ಕೃತಿಗಳಲ್ಲಿ ಅಡಿಗಡಿಗೂ ಬರುತ್ತವೆ. ಏಳು ಕೀಲಿಗಳ ಅಗಲವೇ ಸುಮಾರು 16.5 ಸೆಂಟಿಮೀಟರು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದುಕೊಂಡು ಎಳೆಯ ಮಗುವಿನ ಹೆಬ್ಬೆರಳನ್ನು ಹಿಡಿದು ಅಗಲಿಸುವ ಹಿರಿಯರಿದ್ದಾರೆ. ಗಿಡವನ್ನು ಬಗ್ಗಿಸಬಹುದು ನಿಜ. ಬಲವಂತ ಹೆಚ್ಚಿದರೆ ಅದು ಮುರಿಯಲೂಬಹುದು. ಎಲುಬಿನ ಉದ್ದವನ್ನು ಯಾವ ವ್ಯಾಯಾಮವೂ ಹೆಚ್ಚಿಸದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಬಿಗಿತ ಸಡಿಲವಾದಷ್ಟೂ ಕೈ ತನ್ನ ಸಹಜವಾದ ಅಗಲವನ್ನು ತಾನೇ ತಲಪುತ್ತದೆ. ಅದನ್ನು ಮೀರಿದ್ದಕ್ಕೆ ಬೆಳೆಯುವ ವಯಸ್ಸನ್ನು ಕಾಯಬೇಕು. ಇಪ್ಪತ್ತನೆಯ ಶತಮಾನದ ಮಹಾ ವಾದಕರಲ್ಲೊಬ್ಬನಾದ ಯೋಸೆಫ್ ಹಾಫ್‌ಮನ್ನನ ಕೈಗಳು ಚಿಕ್ಕವು. ಅವನು ಕೈಯನ್ನು ಹಿಂಸಿಸಿಕೊಳ್ಳದೆ, ತುಸು ಕಿರಿದಾದ ಕೀಲಿಗಳ ಪಿಯಾನೋವನ್ನು ಸ್ಟೈನ್‌ವೇ ಸಂಸ್ಥೆಯಿಂದ ಮಾಡಿಸಿಕೊಂಡ. ಎಲ್ಲರಿಗೂ ಅದು ಸಾಧ್ಯವಿಲ್ಲದಿದ್ದರೂ ಅದರ ಹಿಂದಿನ ವಿವೇಕ ಎಲ್ಲರಿಗೂ ಸಾಧ್ಯ.

ನೋವಿನ ವಿಷಯದಲ್ಲಂತೂ ಹಟ ಸಲ್ಲದು. ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಕಿರಿದಾದ ಕವಚದೊಳಗೆ ಹಾದುಹೋಗುತ್ತವೆ. ಅದು ದಪ್ಪವಾಗಿ ಬಿಗಿದುಕೊಂಡರೆ ಹೆಬ್ಬೆರಳ ಬುಡದಿಂದ ಮುಂಗೈಗೆ ನೋವು ಹರಿಯುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕೆರ್ವೆನ್ ಇದನ್ನು 1895ರಲ್ಲಿ ವಿವರಿಸಿದ್ದರಿಂದ ಈ ಬೇನೆಗೆ ಅವನ ಹೆಸರೇ ನಿಂತಿದೆ. ಕೂಸನ್ನು ಮತ್ತೆಮತ್ತೆ ಎತ್ತಿಕೊಳ್ಳುವ ತಾಯಂದಿರಲ್ಲಿ ಇದು ಹೆಚ್ಚು. ಇಂದಿನ ಮಕ್ಕಳ ಹೆಬ್ಬೆರಳಿಗಂತೂ ಪಿಯಾನೋದ ಪಾಠಕ್ಕೆ ಮೊದಲೇ ಮೊಬೈಲ್ ಫೋನಿನ ದುಡಿಮೆ ಕಾದಿರುತ್ತದೆ. ದಣಿದ ಬೆರಳನ್ನು ಮತ್ತೊಂದು ಗಂಟೆ ದುಡಿಸುವುದು ಅಭ್ಯಾಸವೆನಿಸದು. ದಿನಕ್ಕೆ ಆರು ಗಂಟೆ ಅಭ್ಯಾಸ ಮಾಡುತ್ತಿದ್ದೇನೆಂದು ಹೆಮ್ಮೆಯಿಂದ ಹೇಳಿಕೊಂಡ ಶಿಷ್ಯೆಯ ಮೇಲೆ ಶೋಪಾನ್ ಸಿಟ್ಟಾಗಿ, ಮೂರು ಗಂಟೆಗಿಂತ ಹೆಚ್ಚು ಕೂಡದೆಂದು ಕಟ್ಟಪ್ಪಣೆ ಮಾಡಿದನಂತೆ. ಎಳೆಯರಿಗೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈಬಿಟ್ಟು ಎದ್ದು ಓಡಾಡಲು ಅವಕಾಶವಿರಬೇಕು. ನೋವು ಕಂಡೊಡನೆ ನಿಲ್ಲಿಸಬೇಕು. ಕೆಲವು ದಿನಗಳ ವಿಶ್ರಾಂತಿಯಲ್ಲೂ ಅದು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ.

ಇಷ್ಟೆಲ್ಲ ತಾಳ್ಮೆಯಿಂದ ಪಳಗಿಸಿದ ಹೆಬ್ಬೆರಳು ಮುಂದೆ ಏನನ್ನು ಕೊಡುತ್ತದೆ? ಶ್ರೇಣಿಯಲ್ಲಿ ಅಡಗಿಕೊಂಡು ನಡೆಯಬೇಕಾದ ಬೆರಳಿಗೆ ಕೆಲವೊಮ್ಮೆ ಹಾಡಿನ ನಾಯಕತ್ವವೇ ದೊರೆಯುವುದುಂಟು. ಹತ್ತೊಂಬತ್ತನೆಯ ಶತಮಾನದ ವಾದಕ ಥಾಲ್ಬರ್ಗ್ ರಾಗದ ಎಳೆಯನ್ನು ಕೀಲಿಮಣೆಯ ನಡುವೆ ಎರಡು ಹೆಬ್ಬೆರಳುಗಳಿಗೆ ಹಂಚಿ, ಉಳಿದ ಎಂಟು ಬೆರಳುಗಳಿಂದ ಅದರ ಸುತ್ತ ನಾದದ ಅಲೆಗಳನ್ನು ಎಬ್ಬಿಸುತ್ತಿದ್ದ. ಕೇಳಿದವರಿಗೆ ಅವನಿಗೆ ಮೂರು ಕೈಗಳಿರುವಂತೆ ಭಾಸವಾಗುತ್ತಿತ್ತು. ಆ ಮೂರನೆಯ ಕೈ ಹೆಬ್ಬೆರಳುಗಳದೇ.

ಇದಕ್ಕಿಂತ ಹೃದಯಸ್ಪರ್ಶಿಯಾದ ಕಥೆ ಪಾಲ್ ವಿಟ್‌ಗೆನ್‌ಸ್ಟೈನ್‌ನದು. ವಿಯೆನ್ನಾದ ಈ ತರುಣ ವಾದಕ ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, 1914ರಲ್ಲಿ, ಗಾಯಗೊಂಡು ಬಲತೋಳನ್ನು ಕಳೆದುಕೊಂಡ. ಸೈಬೀರಿಯದಲ್ಲಿ ಸೆರೆಯಾಳಾಗಿದ್ದಾಗ ಮರದ ಪೆಟ್ಟಿಗೆಯೊಂದರ ಮೇಲೆ ಇದ್ದಿಲಿನಿಂದ ಕೀಲಿಮಣೆಯನ್ನು ಬರೆದುಕೊಂಡು, ಸದ್ದಿಲ್ಲದ ಆ ಹಲಗೆಯ ಮೇಲೆ ಎಡಗೈಯ ಅಭ್ಯಾಸವನ್ನು ತೊಡಗಿದ. ಬಿಡುಗಡೆಯಾಗಿ ಬಂದಮೇಲೆ ಅಂದಿನ ಹೆಸರಾಂತ ಕೃತಿಕಾರರಿಂದ ಎಡಗೈಗಾಗಿಯೇ ಕೃತಿಗಳನ್ನು ಬರೆಸಿದ. ಅವುಗಳಲ್ಲಿ ಫ್ರಾನ್ಸಿನ ಮೋರಿಸ್ ರವೆಲ್ ರಚಿಸಿದ ಕಾನ್ಸರ್ಟೊ ಜಗತ್ಪ್ರಸಿದ್ಧವಾಯಿತು. ಅದರ ಮೊದಲ ಪ್ರದರ್ಶನ 1932ರ ಜನವರಿ 5ರಂದು ವಿಯೆನ್ನಾದಲ್ಲಿ ನಡೆಯಿತು. ಎಡಗೈಯನ್ನು ಕೀಲಿಮಣೆಯ ಮೇಲಿಟ್ಟರೆ ಏರುಸ್ವರದ ಕಡೆಗಿರುವುದು ಹೆಬ್ಬೆರಳು. ಆದ್ದರಿಂದ ಒಂಟಿ ಎಡಗೈಯ ಸಂಗೀತದಲ್ಲಿ ಮೇಲಿನ ರಾಗವನ್ನು ಹಾಡುವ ಭಾರ ಬಹುಮಟ್ಟಿಗೆ ಅದರ ಮೇಲೆಯೇ ಬೀಳುತ್ತದೆ. ಏಕಲವ್ಯನು ಹೆಬ್ಬೆರಳನ್ನು ಕೊಟ್ಟು ಕೈಯ ವಿದ್ಯೆಯನ್ನು ಕಳೆದುಕೊಂಡ. ಇವನು ಕೈಯನ್ನು ಕಳೆದುಕೊಂಡು, ಉಳಿದ ಹೆಬ್ಬೆರಳಿನಿಂದ ವಿದ್ಯೆಯನ್ನು ಮರಳಿ ಪಡೆದ.

ಪಿಯಾನೋ ವಿದ್ಯೆಯ ಈ ಕಥೆಯಲ್ಲಿ ಮೈಸೂರಿಗೂ ಒಂದು ಗೌರವದ ಪುಟವಿದೆ. ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರು ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದಂತೆಯೇ ಪಾಶ್ಚಾತ್ಯ ಪಿಯಾನೋ ವಾದನದಲ್ಲಿಯೂ ಪರಿಣತರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದವರು. ಲಂಡನ್ನಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದ ರಷ್ಯದ ಕೃತಿಕಾರ ನಿಕೊಲಾಯ್ ಮೆಟ್ನರನ ಸಂಗೀತವನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಧನಸಹಾಯ ಮಾಡಿದವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಒಳಸ್ವರಗಳ ಹೆಣಿಗೆಯಿಂದ ದಟ್ಟವಾದ ಅವನ ಕೃತಿಗಳಲ್ಲಿ ನಡುವಿನ ಎಳೆಯನ್ನು ಹಾಡಬೇಕಾದ ಹೊಣೆ ಮತ್ತೆ ಮತ್ತೆ ಹೆಬ್ಬೆರಳಿಗೇ ಬರುತ್ತದೆ. ಆ ಮುದ್ರಿಕೆಗಳನ್ನು ಇಂದಿಗೂ ಕೇಳಬಹುದು. ಹೆಬ್ಬೆರಳು ದಾಟಿದ್ದೆಲ್ಲಿ ಎಂದು ಹುಡುಕುವ ಕಿವಿಗೆ ಅಲ್ಲಿ ಎಡವಿನ ಸದ್ದು ಸಿಗುವುದಿಲ್ಲ, ಹಾಡೇ ಸಿಗುತ್ತದೆ.

ಕನ್ನಡದಲ್ಲಿ ಅಕ್ಷರ ಬಾರದವರನ್ನು ‘ಹೆಬ್ಬೆಟ್ಟಿನವರು’ ಎಂದು ಕರೆಯುವ ರೂಢಿಯುಂಟು. ಸಂಗೀತದ ಶಾಲೆಯಲ್ಲಿ ಹೆಬ್ಬೆಟ್ಟೂ ಶತಮಾನಗಳ ಕಾಲ ನಿರಕ್ಷರಿಯಾಗಿಯೇ ಹೊರಗೆ ನಿಂತಿತ್ತು. ತಡವಾಗಿ ಬಂದ ಆ ವಿದ್ಯಾರ್ಥಿಯನ್ನು ಉಳಿದ ನಾಲ್ವರ ಅಚ್ಚಿನಲ್ಲಿ ಎರಕ ಹೊಯ್ಯಲು ಹೋದವರು ಕೈಯನ್ನು ನೋಯಿಸಿದರು. ಅದರ ಬುಡ ಎಲ್ಲಿದೆ, ನಡೆ ಯಾವುದು ಎಂದು ಕೇಳಿ ತಿಳಿದವರಿಗೆ ಅದು ದಾರಿ ಬಿಟ್ಟುಕೊಟ್ಟಿತು. ಈ ಸಂಜೆ ನಡುಮನೆಯಿಂದ ನಾಲ್ಕನೆಯ ಸ್ವರದಲ್ಲಿ ಎಡವಿನ ಸದ್ದು ಕೇಳಿಸಿದಾಗ ಗದರಿಕೆಗೆ ಬದಲು ಒಂದು ಪ್ರಶ್ನೆ ಸಾಕು: ‘ಪುಟ್ಟಾ, ನಿನ್ನ ಹೆಬ್ಬೆರಳು ಮೊದಲೇ ಹೊರಟಿತ್ತೇ?’